ನಾನು ಹೇಳದ ಮಾತು: ಶಿರಸಿಯಿಂದ ಯಲ್ಲಾಪುರಕ್ಕೆ

ಧಾರವಾಡದಿಂದ ಹುಬ್ಬಳ್ಳಿಗೆ ಬಂದು ಶಿರಸಿಯ ಬಸ್ಸು ಹತ್ತಿದಾಗ ಬೆಳಗಿನ ತಿಂಡಿಯ ಹೊತ್ತು. ಹೆಂಗಸರಿಗೆ ಈಗ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೆಟ್ಟು ಹರಿದುಕೊಟ್ಟ. ಪಕ್ಕದಲ್ಲಿ ಕೂತಿದ್ದ ಗಂಡಸು ಪೂರಾ ಚಾರ್ಜು ಕೊಟ್ಟು ನನ್ನ ಟಿಕೆಟ್ಟನ್ನು ಓರೆಗಣ್ಣಿನಿಂದ ನೋಡಿದ. ತಡಸ ದಾಟಿ ಮುಂಡಗೋಡದವರೆಗೂ ಗೋವಿನಜೋಳದ ಹೊಲಗಳು. ಆಮೇಲೆ ಸಾಗವಾನಿ ಮರಗಳು ಶುರುವಾದವು, ಕಿಟಕಿಯ ಗಾಳಿ ತಣ್ಣಗಾಯಿತು, ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾದವು. ಆ ಸಿಗ್ನಲ್ ಇಲ್ಲದಿರುವುದೇ ನನ್ನ ಪ್ರಯಾಣಕ್ಕೆ ಕಾರಣವಾಗಿತ್ತು.

ದನಿ ಕೊಡುವುದು ನನ್ನ ಕೆಲಸ. ಮೊದಲು ರೇಡಿಯೊದಲ್ಲಿ ಗುತ್ತಿಗೆಯ ಮೇಲೆ ಉದ್ಘೋಷಕಿಯಾಗಿದ್ದೆ. ಈಗ ಲಿಫ್ಟುಗಳಲ್ಲಿ, ಆಸ್ಪತ್ರೆಗಳ ಟೋಕನ್ ಯಂತ್ರಗಳಲ್ಲಿ ನನ್ನ ದನಿ ಇದೆ. ಹಿಂದಿನ ವರ್ಷ ಬೆಂಗಳೂರಿನ ಒಂದು ಕಂಪನಿ ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ನನ್ನಿಂದ ರಸ್ತೆಯ ಎಚ್ಚರಿಕೆಗಳನ್ನು ಓದಿಸಿತ್ತು. 'ಮುಂದೆ ಮರ ಬಿದ್ದಿದೆ', 'ಮುಂದೆ ದಟ್ಟ ಮಂಜಿದೆ', 'ಮುಂದೆ ರಸ್ತೆ ಕುಸಿದಿದೆ, ವಾಹನ ನಿಲ್ಲಿಸಿ' ಎಂಬಂಥ ವಾಕ್ಯಗಳು. ಕಾಡಿನ ರಸ್ತೆಗಳಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ ಕಂಪನಿಯವರು ದಾರಿಯ ಬದಿಯ ಕಂಬಗಳಿಗೆ ಸಣ್ಣ ಪೆಟ್ಟಿಗೆಗಳನ್ನು ಕಟ್ಟಿದ್ದರು. ರಸ್ತೆಯ ಸುದ್ದಿ ಕಂಪನಿಯ ಬೆಂಗಳೂರಿನ ಕೇಂದ್ರದಿಂದ ತಂತಿಯ ಮೂಲಕ ಪೆಟ್ಟಿಗೆಗೆ ಬಂದು ಅಲ್ಲೇ ಉಳಿಯುತ್ತದೆ. ಅವರು ಕೊಟ್ಟ ಸಾಧನ ಇರುವ ಗಾಡಿ ಕಂಬದ ಹತ್ತಿರ ಬಂದರೆ ಸಾಕು, ಪೆಟ್ಟಿಗೆ ಆ ಸುದ್ದಿಯನ್ನು ಗಾಡಿಗೆ ದಾಟಿಸುತ್ತದೆ. ಗಾಡಿಯೊಳಗೆ ನನ್ನ ದನಿ ಮಾತಾಡುತ್ತದೆ. ದೂರದ ಬೆಂಗಳೂರನ್ನು ಕೇಳುತ್ತ ಕೂರಬೇಕಾಗಿಲ್ಲ. ಪ್ರಯೋಗಕ್ಕೆಂದು ಈ ಕಡೆಯ ಕೆಲವು ಗಾಡಿಗಳಿಗೆ ಸಾಧನವನ್ನು ಪುಕ್ಕಟೆಯಾಗಿ ಕೊಟ್ಟಿದ್ದರು.

ಡ್ರೈವರುಗಳು ದನಿಯನ್ನು ಬಂದ್ ಮಾಡಿ ಓಡಿಸುತ್ತಿದ್ದಾರೆ, ಯಾಕೆಂದು ನೀವೇ ಬಂದು ನೋಡಿ, ಬೇಕಾದರೆ ಹೊಸದಾಗಿ ಓದಿಕೊಡಿ ಎಂದು ಕಂಪನಿಯವರು ಕರೆದಿದ್ದರು. ದನಿ ಕೊಟ್ಟವಳನ್ನು ಊರೂರು ಸುತ್ತಿಸುವ ಕಂಪನಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಓದಿಸಿಕೊಳ್ಳುವವರು ಓದಿಸಿಕೊಂಡು ಮರೆತುಬಿಡುತ್ತಾರೆ. ಇದರ ಹಿಂದೆ ಏನೋ ಇದೆ ಅನ್ನಿಸಿತು. ಏನೆಂದು ತಿಳಿಯುವ ಚಟಕ್ಕೇ ಹೊರಟೆ ಎನ್ನಬೇಕು.

ಶಿರಸಿಯ ಬಸ್ ನಿಲ್ದಾಣದಲ್ಲಿ ಕಂಪನಿಯ ಎಂಜಿನಿಯರ್ ಸುಹಾಸ ಕಾದಿದ್ದ. ದಾವಣಗೆರೆಯ ಕಡೆಯವನು, ಮೂವತ್ತರ ಆಸುಪಾಸು, ಲ್ಯಾಪ್‌ಟಾಪಿನ ಚೀಲವನ್ನು ಎದೆಯ ಮೇಲೆ ಹಾಕಿಕೊಂಡಿದ್ದ. ಮಾತು ಬಹಳ ಮೆದು. ಅಷ್ಟು ಮೆದುವಾಗಿ ಮಾತಾಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ಬಾಡಿಗೆ ಕಾರಿನ ಡ್ರೈವರ್ ಲೋಕೇಶ ನಾಯ್ಕ ಸಿದ್ದಾಪುರದ ಹತ್ತಿರದವನು. ಅವನ ಕಾರಿನಲ್ಲಿ ಸ್ಟೀರಿಂಗಿನ ಪಕ್ಕ ಕೂರಿಸಿದ್ದ ಸಾಧನದ ಮೇಲೆ ಒಂದು ಟವೆಲ್ಲು ಹೊದಿಸಿತ್ತು.

"ಇದಕ್ಕ್ಯಾಕ್ರೀ ಟವೆಲ್?" ಎಂದು ಕೇಳಿದೆ.

"ನಾವು ಮಾತಾಡಿದ್ದೆಲ್ಲ ಅದು ಕೇಳ್ತದೆ ಮೇಡಂ," ಎಂದು ಲೋಕೇಶ ದನಿ ತಗ್ಗಿಸಿ ಹೇಳಿದ. "ಬಾಡಿಗೆಯವ್ರು ಮನೆ ವಿಷ್ಯ ಎಲ್ಲ ಮಾತಾಡ್ತಾರೆ. ಅದು ಎಲ್ಲಿ ಹೋಗಿ ಮುಟ್ತದೆ ಅಂತ ಯಾರಿಗೆ ಗೊತ್ತು?"

ಸುಹಾಸ ನಕ್ಕು, ಅದರಲ್ಲಿ ಮೈಕೇ ಇಲ್ಲವೆಂದು ಹೇಳಿದ. ಲೋಕೇಶ ತಲೆಯಾಡಿಸಿದ, ಆದರೆ ಟವೆಲ್ಲನ್ನು ತೆಗೆಯಲಿಲ್ಲ.

ಮಿಸಳು, ಬನ್ಸು ತಿಂದು ಮಧ್ಯಾಹ್ನ ಹುಲೇಕಲ್ಲಿಗೆ ಹೋದೆವು. ಶಿರಸಿಯಿಂದ ಅರ್ಧ ಗಂಟೆಯೂ ಇಲ್ಲದ ದಾರಿ. ಅಲ್ಲಿ ಸಹಕಾರಿ ಸೊಸೈಟಿಯ ಎದುರಿನ ಕಂಬದ ಮೇಲಿದ್ದ ಪೆಟ್ಟಿಗೆಗೆ ಯಾರೋ ಗೋಣಿಚೀಲ ಸುತ್ತಿ, ಬಾಳೆಯ ದಾರದಿಂದ ಬಿಗಿಯಾಗಿ ಕಟ್ಟಿದ್ದರು. ಸೊಸೈಟಿಯ ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಸುಹಾಸ ವಿಚಾರಿಸಿದ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ, "ಅದಕ್ಕೆ ಕಣ್ಣಿದ್ದು ಹೇಳ್ತ್ರು ಜನ," ಎಂದರು.

"ಕಣ್ಣಿಲ್ಲ ಸಾರ್. ಬರೀ ಸುದ್ದಿ ಇಟ್ಕೊಳ್ಳೋ ಪೆಟ್ಟಿಗೆ ಅದು."

"ಯಾರ ಸುದ್ದಿ?"

"ರಸ್ತೆ ಸುದ್ದಿ."

"ರಸ್ತೆ ಮೇಲೆ ಹೋಗವ್ರು ಎಂಗಳೇ ಅಲ್ದ?" ಎಂದು ಅವರು ತಮ್ಮತ್ತಲೇ ಬೆರಳು ತೋರಿಸಿ ಎಲೆಯನ್ನು ಬಾಯಿಗೆ ಹಾಕಿಕೊಂಡರು. ಸುಹಾಸ ಏಣಿ ಕೇಳಿದರೆ ಪಕ್ಕದ ಅಂಗಡಿಯವರು ಇಲ್ಲವೆಂದರು. ಅಂಗಡಿಯ ಹಿಂದೆ ಏಣಿ ಗೋಡೆಗೆ ಒರಗಿರುವುದು ನಮಗೆಲ್ಲ ಕಾಣುತ್ತಿತ್ತು. ಗೋಣಿಚೀಲವನ್ನು ಹಾಗೆಯೇ ಬಿಟ್ಟು ವಾಪಸು ಬಂದೆವು.

ಮಾರನೆಯ ಬೆಳಿಗ್ಗೆ ಸಿದ್ದಾಪುರಕ್ಕೆ ಹೊರಟೆವು. ಮಳೆಗಾಲ ಮುಗಿಯುತ್ತ ಬಂದಿತ್ತು. ಮಳೆಯಿರಲಿಲ್ಲ, ಮಂಜು ಮಾತ್ರ ರಸ್ತೆಯ ಮೇಲೆ ಮಲಗಿತ್ತು. ಸುಹಾಸನ ಒತ್ತಾಯಕ್ಕೆ ಟವೆಲ್ಲು ಲೋಕೇಶನ ಹೆಗಲಿಗೆ ಹೋಗಿತ್ತು. ಕಾನಸೂರು ಸಮೀಪಿಸುವಾಗ ಒಂದು ಕಂಬವನ್ನು ದಾಟಿದೆವು. ಒಡನೆ ಕಾರಿನೊಳಗೆ ನನ್ನ ದನಿ, ಸ್ಟುಡಿಯೊದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಓದುವಾಗಿನ ದನಿ, "ಮುಂದೆ ಕೆಟ್ಟು ನಿಂತ ವಾಹನವಿದೆ. ನಿಧಾನವಾಗಿ ಚಲಿಸಿ," ಎಂದಿತು.

"ಅದು ನಿನ್ನೆ ಲಾರಿ," ಎಂದ ಲೋಕೇಶ. "ನಿನ್ನೆ ಸಂಜೆನೇ ಎಳ್ಕೊಂಡು ಹೋದ್ರು. ಇದು ಇನ್ನೂ ಅದನ್ನೇ ಹಾಡ್ತಾ ಉಂಟು." ಅವನು ವೇಗ ಇಳಿಸಲಿಲ್ಲ. ತಿರುವು ಕಳೆಯುತ್ತಲೇ ಜಲ್ಲಿ ತುಂಬಿದ ಟಿಪ್ಪರೊಂದರ ಹಿಂಭಾಗ ಮಂಜಿನಿಂದ ಎದ್ದು ಬಂದಂತೆ ಕಂಡಿತು. ಲೋಕೇಶ ಬ್ರೇಕು ಒತ್ತಿದ. ಕಾರು ಅಡ್ಡಡ್ಡ ಜಾರಿ, ಟಿಪ್ಪರಿನಿಂದ ಒಂದು ಮಾರು ಹಿಂದೆ ನಿಂತಿತು. ಅದು ನಿನ್ನೆಯ ಲಾರಿಯಲ್ಲ, ಆ ಬೆಳಿಗ್ಗೆ ಆಕ್ಸಲ್ ಮುರಿದುಕೊಂಡ ಬೇರೆ ಗಾಡಿ. ಟಿಪ್ಪರಿನ ಕ್ಲೀನರ್ ಟಯರಿನ ಹಿಂದೆ ಕಲ್ಲಿಡುತ್ತ ನಮ್ಮನ್ನೇ ಬೈದ.

ನಾನು ಲೋಕೇಶನನ್ನು ಗದರಿದೆ. "ಹೇಳಿದ್ದು ಕೇಳಾಕ ಏನ್ರೀ ನಿಮಗ? ಇಲ್ಲೇ ಸಾಯತಿದ್ವಿ." ಗದರುವಾಗ ನನ್ನೊಳಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ನನ್ನ ದನಿ ಸತ್ಯ ಹೇಳಿತ್ತು.

ಸುಹಾಸನಿಗಂತೂ ಹುರುಪು ಬಂದಿತು. ನಮಗಿಂತ ಮೊದಲು ಸಿದ್ದಾಪುರದ ಕಡೆಯಿಂದ ಎದುರಿಗೆ ಬಂದ ಒಂದು ಶಾಲೆಯ ವ್ಯಾನು ಇಲ್ಲಿ ಹಠಾತ್ತನೆ ನಿಂತು ಸುತ್ತಿಕೊಂಡು ಬಂದದ್ದನ್ನು ಅದರ ಸಾಧನವೇ ಪೆಟ್ಟಿಗೆಗೆ ತಿಳಿಸಿತ್ತು ಎಂದು ವಿವರಿಸಿದ. "ಒಂದೊಂದು ಸುದ್ದಿಗೂ ಆಯಸ್ಸು ಇಟ್ಟಿದೀವಿ ಮೇಡಂ. ಅಷ್ಟರೊಳಗೆ ಇನ್ನೊಂದು ಗಾಡಿ ಬಂದು ಹೌದು ಅಂತ ಹೇಳಲಿಲ್ಲ, ಕೇಂದ್ರನೂ ಹೇಳಲಿಲ್ಲ ಅಂದ್ರೆ ಪೆಟ್ಟಿಗೆ ಅದನ್ನ ಅಳಿಸಿಬಿಡುತ್ತೆ. ಹಳಸಿದ ಸುದ್ದಿ ಇಟ್ಕೊಳ್ಳಲ್ಲ."

ಲೋಕೇಶ ಅಂದು ಇಡೀ ದಿನ ಟವೆಲ್ಲನ್ನು ಸಾಧನದ ಹತ್ತಿರ ತರಲಿಲ್ಲ.

ಸಿದ್ದಾಪುರದಲ್ಲಿ ದೋಸೆ ಚೆನ್ನಾಗಿತ್ತು, ಚಟ್ನಿ ಖಾರ. ಹೋಟೆಲಿನ ಮಾಲೀಕರು ನನ್ನ ಮಾತು ಕೇಳುತ್ತಲೇ ಕೌಂಟರಿನಿಂದ ಎದ್ದು ಬಂದರು. "ಆ ಗಾಡಿಲಿ ಮಾತಾಡೋರು ನೀವೇ ಅಲ್ವಾ?" ಎಂದು ಕೇಳಿದರು. ಸಂತೋಷದಿಂದ ಹೌದೆಂದೆ. ಅವರಿಗೆ ಸಂತೋಷವೇನೂ ಇರಲಿಲ್ಲ. "ಪೇಟೆಲಿ ಗಾಡಿ ಜಾಸ್ತಿ ಇದೆ, ಬೇರೆ ದಾರಿ ಹಿಡೀರಿ ಅಂತ ಹೇಳ್ತೀರಂತೆ. ಜೋಗ ನೋಡ್ಲಿಕ್ಕೆ ಹೋಗುವವ್ರು ಈಗ ಇಲ್ಲಿ ನಿಲ್ಲೂದೇ ಕಡಿಮೆ. ಆ ಬೇರೆ ದಾರಿಲಿ ಯಾರ ಹೋಟ್ಲು ಇದೆ ಮೇಡಂ?" ಎಂದರು. ನಾನು ಅಂಥ ವಾಕ್ಯ ಓದಿಯೇ ಇಲ್ಲವೆಂದೆ. ಅವರು ನನ್ನ ಮುಖವನ್ನೂ ಸುಹಾಸನ ಮುಖವನ್ನೂ ಸ್ವಲ್ಪ ಹೊತ್ತು ನೋಡಿ, "ಹೌದೌದು," ಎನ್ನುತ್ತ ಒಳಗೆ ಹೋದರು. ಸುಹಾಸ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವನ ಆ ತಗ್ಗಿದ ತಲೆಯ ಅರ್ಥ ನನಗೆ ಹೊಳೆದದ್ದು ವಾಪಸು ಬರುವಾಗ. ಮಂಜು ಕರಗಿ ಬಿಸಿಲು ಬಂದಿತ್ತು. ಒಂದು ಕಂಬ ದಾಟುತ್ತಲೇ ನನ್ನ ದನಿ ಹೇಳಿತು: "ಮುಂದಿನ ದಾರಿ ಸುಗಮವಾಗಿದೆ. ನಿಮ್ಮ ಪ್ರಯಾಣ ಸುಖಕರವಾಗಿರಲಿ."

ನಾನು ನೆಟ್ಟಗೆ ಕೂತೆ. "ಈ ವಾಕ್ಯ ನಾ ಯಾವಾಗ ಓದೀನಿ, ಸುಹಾಸ್?"

"ಓದಿರ್ತೀರಾ ಮೇಡಂ. ತುಂಬಾ ವಾಕ್ಯ ಇದ್ವಲ್ಲ."

"ನಾ ಓದಿದ್ದೆಲ್ಲಾ ಎಚ್ಚರಿಕೆ. ಚಲೋ ಸುದ್ದಿ ಒಂದೂ ಇರಲಿಲ್ಲ."

"ಚೆಕ್ ಮಾಡಿ ಹೇಳ್ತೀನಿ ಮೇಡಂ," ಎಂದು ಅವನು ಕಿಟಕಿಯ ಕಡೆ ತಿರುಗಿದ.

ಅದು ನನ್ನದೇ ದನಿ, ಸಂಶಯವಿಲ್ಲ. ಆದರೆ ನಾನು ಉದ್ದ ವಾಕ್ಯ ಓದುವಾಗ ನಡುವೆ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತೇನೆ. ಎಷ್ಟು ಜಾಗ್ರತೆ ಮಾಡಿದರೂ ಕೇಳಿಸುತ್ತದೆ. ರೇಡಿಯೊದಲ್ಲಿ ಅದಕ್ಕಾಗಿ ಬೈಸಿಕೊಂಡಿದ್ದೇನೆ. ಈ ವಾಕ್ಯದಲ್ಲಿ ಉಸಿರೇ ಇರಲಿಲ್ಲ. ಶಿರಸಿಯ ಲಾಡ್ಜಿನಲ್ಲಿ ಊಟವಾದ ಮೇಲೆ ಸುಹಾಸನನ್ನು ಮತ್ತೆ ಕೇಳಿದೆ. ಚೆಕ್ ಮಾಡುತ್ತಿದ್ದೇನೆ ಎಂದ. ನಾಡಿದ್ದು ಯಾರೋ ದೊಡ್ಡವರು ಈ ವ್ಯವಸ್ಥೆ ನೋಡಲು ಬರುತ್ತಾರೆ, ಅವರು ಮೆಚ್ಚಿದರೆ ಇಡೀ ಜಿಲ್ಲೆಯ ಕೆಲಸ ಸಿಗುತ್ತದೆ ಎಂದು ಮಾತು ತೇಲಿಸಿದ.

ಮೂರನೆಯ ದಿನ ಯಲ್ಲಾಪುರದ ರಸ್ತೆ. ಶಿರಸಿಯಿಂದ ಐವತ್ತು ಕಿಲೋಮೀಟರಿನ ಸುಮಾರು. ಸೋಂದಾ ಕ್ರಾಸ್ ದಾಟುವಾಗ ತುಂತುರು ಹನಿಯುತ್ತಿತ್ತು. ಮಂಚಿಕೇರಿಯಲ್ಲಿ ಚಹಾ ಕುಡಿದು ಹೊರಟಾಗ ಮಂಜು ಮತ್ತೆ ಇಳಿದಿತ್ತು. ಊರು ಬಿಟ್ಟ ಮೇಲೆ ಆ ದಾರಿಯ ಕೊನೆಯ ಕಂಬ. ನನ್ನ ದನಿ ಮತ್ತೆ ಉಸಿರಿಲ್ಲದೆ, "ಮುಂದಿನ ದಾರಿ ಸುಗಮವಾಗಿದೆ," ಎಂದಿತು. ಲೋಕೇಶ ಗೇರು ಬದಲಿಸಿ ವೇಗ ಹೆಚ್ಚಿಸಿದ.

"ನಿಧಾನ ನಡೀರಿ ಲೋಕೇಶ," ಎಂದೆ.

"ನಿಮ್ಮ ದನಿನೇ ಹೇಳ್ತಲ್ಲ ಮೇಡಂ, ಸುಗಮ ಅಂತ. ನಿನ್ನೆ ನಂಬ್ಲಿಲ್ಲ ಅಂತ ಬೈದ್ರಿ. ಇವತ್ತು ನಂಬಿದ್ದಕ್ಕೂ ಬೈತೀರಿ."

ಅವನ ಮಾತು ನ್ಯಾಯವಾಗಿಯೇ ಇತ್ತು. ನಾನು ಹೇಳದ ಮಾತನ್ನು ನನ್ನ ದನಿ ಹೇಳುತ್ತಿದೆ ಎಂಬ ಕಸಿವಿಸಿ ಮಾತ್ರ ನನಗಿತ್ತು. ಅದನ್ನು ಅವನಿಗೆ ತಿಳಿಸುವಷ್ಟರಲ್ಲಿ ಕಾರು ಇಳಿಜಾರಿಗೆ ಬಂದುಬಿಟ್ಟಿತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಳ್ಳು ಹೇಳಿದೆ. "ವಾಂತಿ ಬಂದಂಗಾಗೇತ್ರಿ."

ಬಾಡಿಗೆ ಕಾರಿನ ಡ್ರೈವರನಿಗೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ. ಲೋಕೇಶ ಕೂಡಲೇ ಬ್ರೇಕು ಹಿಡಿದು, ಬದಿಗೆ ನಿಲ್ಲಿಸಲು ಜಾಗ ಹುಡುಕುತ್ತ ಕಾರನ್ನು ಮೆಲ್ಲಗೆ ಬಿಟ್ಟ. ತಿರುವಿನಲ್ಲಿ ಮುಂದಿನ ಚಕ್ರದ ಕೆಳಗೆ ಕೆಂಪು ಪ್ಲಾಸ್ಟಿಕ್ ಪಟ್ಟಿಯೊಂದು ಸಿಕ್ಕು ಪರಪರ ಎಂದಿತು. ಲೋಕೇಶ ಪೂರ್ತಿ ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ಹೋದವನು ಅಲ್ಲೇ ನಿಂತುಬಿಟ್ಟ.

ರಸ್ತೆಯ ಎಡಭಾಗ ಇರಲಿಲ್ಲ. ಮೋರಿ ಕುಸಿದು, ಡಾಂಬರು ಮುರಿದ ರೊಟ್ಟಿಯ ಹಾಗೆ ಕೆಳಗೆ ಜೋತುಬಿದ್ದಿತ್ತು. ಬಲಗಡೆ ಗುಡ್ಡ ಕಡಿದ ದರೆಯ ಪಕ್ಕ ಮನುಷ್ಯರು ನಡೆಯುವಷ್ಟು ಜಾಗ ಮಾತ್ರ ಉಳಿದಿತ್ತು. ಕೆಳಗಿನಿಂದ ನೀರಿನ ಸದ್ದು ಬರುತ್ತಿತ್ತು. ಯಾರೋ ಕೆಂಪು ಪಟ್ಟಿ ಕಟ್ಟಿ ಹೋಗಿದ್ದರು. ಯಾವುದೋ ಗಾಡಿಗೋ ಗಾಳಿಗೋ ಸಿಕ್ಕು ಅದು ಹರಿದು ಕೆಸರಿಗೆ ಬಿದ್ದಿತ್ತು. ಅಂದರೆ ಕುಸಿದದ್ದು ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ.

ಸುಹಾಸ ಕೆಳಗೆ ಒಮ್ಮೆ ಇಣುಕಿ ನೋಡಿದ. ಲ್ಯಾಪ್‌ಟಾಪು ಎತ್ತಿಕೊಂಡು, ಪೆಟ್ಟಿಗೆ ನೋಡಬೇಕೆಂದು ಬಂದ ದಾರಿಯಲ್ಲೇ ಓಡಿದ. ಲೋಕೇಶ ಕಾಡಿನಿಂದ ಸೊಪ್ಪು, ಗೆಲ್ಲು ಮುರಿದು ತಂದು ಅಡ್ಡ ಹಾಕತೊಡಗಿದ. ದರೆಯ ಪಕ್ಕದಿಂದ ಆಚೆಗೂ ದಾಟಿ ಅಲ್ಲೂ ಹಾಕಿದ. ಫೋನು ಯಾರದೂ ಹತ್ತಲಿಲ್ಲ. ನಾನು ಇಳಿಜಾರಿನ ಮೇಲ್ತುದಿಗೆ ಹೋಗಿ ನಿಂತೆ. ಮಂಚಿಕೇರಿಯಿಂದ ಬರುವವರಿಗೆಲ್ಲ ನನ್ನ ದನಿ ಸುಗಮ ಎಂದು ಹೇಳಿ ಕಳಿಸುತ್ತಿದೆ ಎಂಬುದು ನೆನಪಾಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮೊದಲು ಬಂದ ಬೈಕಿನವನು ನನ್ನ ಕೈ ನೋಡಿ ನಿಲ್ಲಿಸಿ, ವಿಷಯ ಕೇಳಿ, ಸುದ್ದಿ ಹೇಳುತ್ತೇನೆಂದು ಮಂಚಿಕೇರಿಗೆ ತಿರುಗಿದ. ಆಮೇಲೆ ಒಂದು ಕಾರಿನ ದೀಪ ಕಾಣಿಸಿತು. ಎರಡೂ ಕೈ ಎತ್ತಿ ನಡುರಸ್ತೆಗೆ ಹೋದೆ. ಕಾರು ನಿಧಾನಿಸಿತೇ ಹೊರತು ನಿಲ್ಲಲಿಲ್ಲ. ಓಡಿಸುತ್ತಿದ್ದವಳು ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬರು ಮುದುಕಿ. ಕಾಡಿನ ನಡುವೆ ಕೆದರಿದ ಕೂದಲಿನ ಅಪರಿಚಿತ ಹೆಂಗಸೊಬ್ಬಳು ಅಡ್ಡ ಬಂದರೆ ಯಾರು ನಿಲ್ಲಿಸುತ್ತಾರೆ? ಅವಳು ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದಳು.

"ನಿಲ್ಲಸ್ರೀ, ಮುಂದ ರಸ್ತಾ ಇಲ್ರೀ," ಎಂದು ಕೂಗಿದೆ.

"ಈಗಷ್ಟೇ ದಾರಿ ಸುಗಮ ಅಂತ ಬಂತು. ನಮಗೆ ಆಸ್ಪತ್ರೆಗೆ ತಡ ಆಗ್ತಾ ಇದ್ದು, ದಾರಿ ಬಿಡಿ," ಎಂದು ಅವಳು ನನ್ನನ್ನು ಬಳಸಿ ಮುಂದಕ್ಕೆ ಬಿಟ್ಟಳು.

ಕಾರಿನ ಜೊತೆ ಓಡಿದೆ. ಏನು ಹೇಳಿದರೆ ನಂಬುತ್ತಾಳೆಂದು ಯೋಚಿಸಲಿಲ್ಲ, ಬಾಯಿಗೆ ತಾನಾಗಿ ಬಂದಿತು. ಧಾರವಾಡದ ಮಾತು ಬಿಟ್ಟು, ಸ್ಟುಡಿಯೊದ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ: "ಮುಂದೆ ರಸ್ತೆ ಕುಸಿದಿದೆ. ವಾಹನ ನಿಲ್ಲಿಸಿ."

ಕಾರು ನಿಂತಿತು. ಅವಳು ಇಂಜಿನ್ ಆರಿಸಿ ಮೊದಲು ಸಾಧನವನ್ನು, ಆಮೇಲೆ ನನ್ನನ್ನು ನೋಡಿದಳು. ನಂತರ, "ನೀವಾ ಅದು?" ಎಂದಳು.

"ಹೌದ್ರೀ."

"ಹಾಗಾರೆ ಸುಗಮ ಹೇಳಿದ್ದು ಯಾರು?"

"ಅದು ನಾ ಹೇಳಿದ್ದಲ್ರೀ," ಎಂದೆ. ನನಗೇ ಆ ಮಾತು ಎಷ್ಟು ಪೊಳ್ಳಾಗಿ ಕೇಳಿಸಿತೆಂದರೆ, ಅವಳು ನಂಬದೇ ಇದ್ದದ್ದು ಸಹಜ. ಅವಳು ಇಳಿದು, ನನ್ನನ್ನು ದಾಟಿ ತಿರುವಿನವರೆಗೆ ತಾನೇ ನಡೆದುಹೋಗಿ ನೋಡಿ ಬಂದಳು.

ಅವಳ ಹೆಸರು ಭಾರತಿ. ಮಂಚಿಕೇರಿಯ ಹತ್ತಿರದ ತೋಟದ ಮನೆಯವಳು. ಜೊತೆಗಿದ್ದವರು ಅವಳ ಅತ್ತೆ. ಅವರಿಗೆ ವಾರಕ್ಕೆ ಎರಡು ಸಲ ಯಲ್ಲಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕು, ತಪ್ಪಿದರೆ ಉಸಿರು ಕಟ್ಟುತ್ತದೆ. ಅಷ್ಟರಲ್ಲಿ ಆಚೆಯ ದಡದಿಂದ ಹಾರ್ನು ಕೇಳಿಸಿತು. ಯಲ್ಲಾಪುರದ ಕಡೆಯಿಂದ ಬಂದ ಜೀಪೊಂದು ಲೋಕೇಶ ಹಾಕಿದ ಸೊಪ್ಪು ನೋಡಿ ನಿಂತಿತ್ತು. ವಜ್ರಳ್ಳಿಯ ಕೃಷಿಕರೊಬ್ಬರ ಜೀಪು. ಅವರು ವಿಷಯ ಕೇಳಿ, "ಅಮ್ಮನ್ನ ಈಚೆ ದಾಟಿಸಿ. ನಾನು ವಾಪಸ್ ಯಲ್ಲಾಪುರಕ್ಕೇ ತಿರುಗಿಸ್ತೆ," ಎಂದರು.

ಲೋಕೇಶ ಮುಂದೆ, ಭಾರತಿ ಹಿಂದೆ, ಮುದುಕಿಯನ್ನು ನಡುವೆ ಹಿಡಿದು ದರೆಯ ಬದಿಯಲ್ಲಿ ಹೊರಟರು. ನಾನು ಅವರ ಚೀಲ, ಚಪ್ಪಲಿ ಹಿಡಿದು ಹಿಂದೆ ಹೋದೆ. ಕಾಲ ಕೆಳಗೆ ಮಣ್ಣು ಜಾರುತ್ತಿತ್ತು. ಮುದುಕಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಎಡಗಡೆಯ ಹಳ್ಳ ಅವರಿಗೆ ತಿಳಿಯಲಿಲ್ಲ. ನಮ್ಮ ಮೂವರಲ್ಲಿ ಯಾರೂ ಹೇಳಲೂ ಇಲ್ಲ. ಜೀಪಿನಲ್ಲಿ ಕೂರಿಸಿದ ಮೇಲೆಯೇ ಭಾರತಿ ಸೆರಗಿನಿಂದ ಮುಖ ಒರೆಸಿಕೊಂಡದ್ದು.

ನಾವು ಹೊರಡುವ ಹೊತ್ತಿಗೆ ಸುಹಾಸ ಏದುತ್ತ ಬಂದು ಸೇರಿಕೊಂಡ. ಮಂಚಿಕೇರಿಯಿಂದ ಜನ ಬಂದು ಮೇಲೆ ಕಾವಲು ನಿಂತಿದ್ದರು. ಲೋಕೇಶ ಎರಡೂ ಕಾರುಗಳನ್ನು ನೋಡಿಕೊಳ್ಳಲು ಮತ್ತೆ ಮಂಚಿಕೇರಿಯ ಕಡೆಗೆ ದಾಟಿ ಹೋದ. ಜೀಪು ಹೊರಟು ಸ್ವಲ್ಪ ದೂರ ಬಂದ ಮೇಲೆ ಸುಹಾಸ ತಾನಾಗಿಯೇ ಬಾಯಿ ಬಿಟ್ಟ.

ರಸ್ತೆ ಕುಸಿದ ಸುದ್ದಿ ನಸುಕಿನಲ್ಲೇ ಕೇಂದ್ರಕ್ಕೆ ಬಂದು, ಅಲ್ಲಿಂದ ಪೆಟ್ಟಿಗೆಗೂ ಬಂದಿತ್ತು. ಆಮೇಲೆ, ಊರಿನವರು ಅವನಿಗೆ ಹೇಳಿದಂತೆ, ರಸ್ತೆ ಅಗೆಯುವ ಯಂತ್ರವೊಂದು ದಾರಿಯಲ್ಲಿ ತಂತಿ ಕಡಿದು, ಪೆಟ್ಟಿಗೆಗೂ ಕೇಂದ್ರಕ್ಕೂ ಸಂಬಂಧ ತಪ್ಪಿತು. ಆ ದಾರಿಯಲ್ಲಿ ಸಾಧನವಿದ್ದ ಬೇರೆ ಗಾಡಿ ಹೋಗಲಿಲ್ಲ. ಸುದ್ದಿಯ ಆಯಸ್ಸು ಮುಗಿಯಿತು, ಪೆಟ್ಟಿಗೆ ಅದನ್ನು ಅಳಿಸಿತು.

"ಅಳಿಸಿದ್ರ ಸುಮ್ಮನಿರಬೇಕಿತ್ತಲ್ಲ," ಎಂದೆ. "ಸುಗಮ ಅಂತ ಯಾಕಂತು?"

ಅವನು ತೊಡೆಯ ಮೇಲಿನ ಚೀಲವನ್ನು ಅಪ್ಪಿ ಹಿಡಿದಿದ್ದ. "ಅಪಾಯದ ಸುದ್ದಿ ಏನೂ ಇಲ್ಲ ಅಂದ್ರೆ ದಾರಿ ಚೆನ್ನಾಗಿದೆ ಅಂತ ತಗೋಳೋ ಹಾಗೆ ಮಾಡಿದ್ವಿ. ಬರೀ ಎಚ್ಚರಿಕೆನೇ ಕೇಳ್ತಾ ಇದ್ರೆ ಜನ ಬಂದ್ ಮಾಡ್ತಾರೆ, ಒಳ್ಳೆ ಮಾತೂ ಬೇಕು ಅಂತ ಮೇಲಿನವರು ಹೇಳಿದ್ರು. ನಿಮ್ಮನ್ನ ಮತ್ತೆ ಕರೆಸೋಕೆ ಟೈಮ್ ಇರಲಿಲ್ಲ. ನೀವು ಓದಿದ್ದನ್ನ ಕೊಟ್ಟು ಮೆಷಿನ್ನಲ್ಲೇ ಮಾಡಿಸಿದ್ವಿ. ಹೋಟೆಲಿನವರು ಹೇಳಿದ್ರಲ್ಲ, ಅದೂ ಹಾಗೇ ಮಾಡಿದ್ದು."

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನನ್ನ ಮನೆಯಲ್ಲಿ ನಾನಿಲ್ಲದಾಗ ಯಾರೋ ಬಂದು ನನ್ನ ಸೀರೆ ಉಟ್ಟುಕೊಂಡು ಓಡಾಡಿದ್ದಾರೆ ಎಂದು ತಿಳಿದರೆ ಆಗುವ ಹೇಸಿಗೆ ಆಯಿತು. "ಹಂಗಾದ್ರ ನನ್ನ ದನಿ ತಗೀರಿ," ಎಂದೆ. "ಒಂದೂ ಬ್ಯಾಡ."

"ತೆಗೆದ್ರೆ ಎಚ್ಚರಿಕೆನೂ ಹೋಗುತ್ತೆ ಮೇಡಂ," ಎಂದ ಅವನು. ಅದೂ ನಿಜವೇ. ಕಾನಸೂರಿನ ಟಿಪ್ಪರು ಕಣ್ಣ ಮುಂದೆ ಬಂದಿತು.

ಭಾರತಿ ಇಷ್ಟನ್ನೂ ಕೇಳುತ್ತಿದ್ದಳು. "ನನ್ನ ಕಾರಿಂದ ಅದನ್ನ ಇವತ್ತೇ ಬಿಚ್ಚಿ. ಪುಕ್ಕಟೆ ಕೊಟ್ಟಾಗ್ಲೇ ನಂಗೆ ಅನುಮಾನ ಬರಕಾಗಿತ್ತು," ಎಂದಳು ಸುಹಾಸನಿಗೆ.

ಮುದುಕಿ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದವರು ನನ್ನ ಕಡೆಗೆ ಕೈ ಚಾಚಿದರು. ಕೈ ಸಿಕ್ಕ ಮೇಲೆ ಅದನ್ನು ಬಿಡಲಿಲ್ಲ. "ನೀನೇ ಅಲ್ದನೇ ಕಾರಲ್ಲಿ ಮಾತಾಡದು? ಆಸ್ಪತ್ರೆಗೆ ಹೋಪಾಗೆಲ್ಲ ನಿನ್ ಸ್ವರ ಕೇಳ್ತೆ ಆನು. ಎಂಗೆ ಕಣ್ಣು ಕಾಣ್ತಿಲ್ಲೆ. ನೀ ಹೇಳಿರೆ ಒಂದ್ ಧೈರ್ಯ ಆಗ್ತು."

"ಅತ್ತೆ, ನಿಂಗ ಸುಮ್ನಿರಿ," ಎಂದಳು ಭಾರತಿ.

ಅವರು ಸುಮ್ಮನಾಗಲಿಲ್ಲ. "ಇವತ್ತು ಎಂತಕ್ಕೆ ಹಾಂಗೆ ಹೇಳ್ದೆ ತಂಗೀ? ಗೊತ್ತಿಲ್ದೆ ಇದ್ರೆ ಗೊತ್ತಿಲ್ಲೆ ಹೇಳಕಾಗಿತ್ತು."

ಯಂತ್ರ, ತಂತಿ, ಆಯಸ್ಸು ಎಂದೆಲ್ಲ ಅವರಿಗೆ ವಿವರಿಸಬಹುದಿತ್ತು. "ತಪ್ಪಾತ್ರೀ ಅವ್ವಾ," ಎಂದಷ್ಟೇ ಹೇಳಿದೆ. ಯಲ್ಲಾಪುರ ಬರುವವರೆಗೆ ಆ ಬಿಸಿ ಕೈ ನನ್ನ ಕೈಯಲ್ಲೇ ಇತ್ತು. ಆಸ್ಪತ್ರೆಗೆ ತಲುಪಿದಾಗ ತಡವಾಗಿತ್ತು, ಆದರೆ ಅವರನ್ನು ಒಳಗೆ ಕರೆದುಕೊಂಡರು. ಮಧ್ಯಾಹ್ನ ಮತ್ತೆ ಹೋಗಿ ನೋಡಿದೆ. ನಿದ್ದೆಯಲ್ಲಿದ್ದರು. ಭಾರತಿ ಬಾಗಿಲಲ್ಲಿ ನಿಂತು ನನಗೆ ಒಂದು ಲೋಟ ಚಹಾ ಕೊಟ್ಟಳು.

ಸಂಜೆ ಯಲ್ಲಾಪುರದಲ್ಲಿ ನಾನು ಇಳಿದುಕೊಂಡಿದ್ದ ಲಾಡ್ಜಿಗೆ ಸುಹಾಸ ಬಂದ. ಕೂರಲಿಲ್ಲ. ಪೆಟ್ಟಿಗೆಗಳ ಲೆಕ್ಕಾಚಾರವನ್ನು ತಾನೇ ತಿದ್ದುತ್ತಿದ್ದೇನೆ ಎಂದ. ಸುದ್ದಿ ಅಳಿಸಿಹೋಗಿ, ಕೇಂದ್ರವೂ ಸಿಗದಿದ್ದರೆ, ಇನ್ನು ಮೇಲೆ ಸುಗಮ ಎನ್ನುವುದಿಲ್ಲವಂತೆ.

"ಮೇಲಿನವರು ಒಪ್ಪಿದ್ರೇನು?"

"ಇನ್ನೂ ಹೇಳಿಲ್ಲ. ನಾಳೆ ನೋಡೋಕೆ ಬರೋರಿಗೆ ಪೆಟ್ಟಿಗೆನೇ 'ಗೊತ್ತಿಲ್ಲ' ಅಂದ್ರೆ ಜಿಲ್ಲೆ ಕೆಲಸ ತಪ್ಪಬಹುದು," ಎನ್ನುತ್ತ ಫೋನು ಹೊರತೆಗೆದ. "ನಂಗೆ ಒಂದು ವಾಕ್ಯ ಬೇಕು ಮೇಡಂ."

"ಮೆಷಿನ್ ಐತಲ್ಲ ನಿಮ್ಮ ಕಡೆ."

"ಇದೆ. ಎರಡು ನಿಮಿಷದ ಕೆಲಸ. ಆದ್ರೆ ಕೇಳಿ ತಗೋಬೇಕು ಅನ್ನಿಸ್ತು."

ಅವನ ಮೆದು ಮಾತನ್ನು ಆಗಲೂ ನಾನು ಪೂರ್ತಿ ನಂಬಲಿಲ್ಲ. ವಾಕ್ಯ ಕೊಟ್ಟರೆ ಅದನ್ನೂ ಕುಯ್ದು ಇನ್ನೇನು ಮಾಡುತ್ತಾರೋ. ಕೊಡದಿದ್ದರೆ ಹಳೆಯ ಸುಗಮವೇ ಉಳಿದೀತು. ಕೊನೆಗೆ, ನಾನು ಓದದ ವಾಕ್ಯಗಳನ್ನೆಲ್ಲ ತೆಗೆಯುತ್ತೇನೆಂದು ಅವನಿಂದ ಮಾತು ತೆಗೆದುಕೊಂಡು, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಅವನ ಫೋನನ್ನು ದಿಂಬಿನ ಮೇಲೆ ನಿಲ್ಲಿಸಿ ಓದಿದೆ. "ಮುಂದಿನ ದಾರಿಯ ಸುದ್ದಿ ನಮಗೆ ತಿಳಿದಿಲ್ಲ. ನೋಡಿಕೊಂಡು ಹೋಗಿ." ನಡುವಿನ ಉಸಿರು ಕೇಳಿಸಿತು. ಅದನ್ನು ಕತ್ತರಿಸಬೇಡಿ ಎಂದೆ. ಅವನು ಹೂಂ ಎಂದು ಹೋದ.

ಬೆಳಿಗ್ಗೆ ಯಲ್ಲಾಪುರದಲ್ಲಿ ಹುಬ್ಬಳ್ಳಿಯ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟು ಹಿಡಿದೆ. ಮತ್ತೆ ಮಂಜು. ಹೆದ್ದಾರಿಗೆ ಬಂದು ಊರು ಬಿಡುವಲ್ಲಿ ಒಂದು ಕಂಬದ ಮೇಲೆ ಪೆಟ್ಟಿಗೆ ಕಂಡಿತು. ನಮ್ಮ ಮುಂದೆ ಒಂದು ಬಿಳಿ ಕಾರಿತ್ತು. ಹಿಂದಿನ ಗಾಜಿನ ಮೇಲೆ ಕಂಪನಿಯ ನೀಲಿ ಸ್ಟಿಕರ್. ಸಾಧನವಿರುವ ಗಾಡಿಗಳಿಗೆಲ್ಲ ಅದನ್ನು ಅಂಟಿಸಿದ್ದರು. ಕಾರು ಕಂಬ ದಾಟಿತು. ನಾನು ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿದೆ. ಬಸ್ಸಿನ ಸದ್ದಿನಲ್ಲಿ ಅದರೊಳಗಿನ ಮಾತು ಕೇಳುವಂತಿರಲಿಲ್ಲ.

ಸ್ವಲ್ಪ ದೂರ ಹೋಗಿ ಕಾರಿನ ಕೆಂಪು ದೀಪಗಳು ಹೊತ್ತಿಕೊಂಡವು. ಅಲ್ಲಿ ಉಬ್ಬು ಇರಲಿಲ್ಲ, ತಿರುವಿರಲಿಲ್ಲ, ದನವೂ ಕಾಣಲಿಲ್ಲ. ನಮ್ಮ ಡ್ರೈವರ್ ಬೇಸರದಿಂದ ಹಾರ್ನು ಒತ್ತಿ ಅದನ್ನು ಹಿಂದೆ ಹಾಕಿದ. ಕಿಟಕಿಯಿಂದ ಕತ್ತು ಹೊರಳಿಸಿ ನೋಡಿದೆ. ಕಾರು ಮೆಲ್ಲಗೆ ಬರುತ್ತಿತ್ತು. ಓಡಿಸುತ್ತಿದ್ದವನು ಗಾಜು ಇಳಿಸಿ, ತಲೆಯನ್ನು ಹೊರಗೆ ಚಾಚಿ, ಮಂಜಿನಲ್ಲಿ ರಸ್ತೆಯನ್ನು ನೋಡುತ್ತಿದ್ದ.